ಕಟ್ಟಿದ ಮೇಲೆ ನೋಡಿಕೊಳ್ಳುವವರು ಯಾರು?

ಶಹಾಬಾದ್ ಕಲ್ಲು, ವಾಡಿ-ಸೇಡಂ ಸಿಮೆಂಟು ನಮ್ಮ ಕಡೆಯಿಂದ ಲಾರಿ ಹತ್ತಿ ದೊಡ್ಡ ಊರುಗಳಿಗೆ ಹೋಗ್ತಾವೆ. ಅಲ್ಲಿ ಎರಡು-ಮೂರು ವರ್ಷದಲ್ಲಿ ಕಟ್ಟಡ ಎದ್ದು ನಿಲ್ಲುತ್ತದೆ. ಆಮೇಲೆ ಐವತ್ತು ವರ್ಷ ಅದು ಕರೆಂಟು, ನೀರು, ರಿಪೇರಿ ಕೇಳ್ತಾನೇ ಇರುತ್ತದೆ. ಆ ಐವತ್ತು ವರ್ಷ ನೋಡಿಕೊಳ್ಳುವ ವಿದ್ಯೆಗೆ ಫೆಸಿಲಿಟೀಸ್ ಮ್ಯಾನೇಜ್‌ಮೆಂಟ್ ಅಂತಾರೆ. ಬಿಇ ಮುಗಿದ ಮೇಲೆ ಮುಂದೇನು ಅಂತ ಯೋಚಿಸುವಾಗ ನಾವು ಇದನ್ನೂ ಲೆಕ್ಕಕ್ಕೆ ತಗೋಬೇಕು.

ಸ್ಮಾರ್ಟ್ ಅಂದ್ರೆ ಏನು?

ಮೂರೇ ಕೆಲಸ: ಸೆನ್ಸರ್ ಅಳೆಯುತ್ತದೆ, ಕಂಟ್ರೋಲರ್ ನಿರ್ಧರಿಸುತ್ತದೆ, ಸ್ವಿಚ್ಚು ಅಥವಾ ವಾಲ್ವ್ ಅದನ್ನು ಮಾಡುತ್ತದೆ. ಎಸಿ, ಪಂಪು, ಲಿಫ್ಟು ಬೇರೆ ಬೇರೆ ಕಂಪನಿಯವಾದರೂ ಒಂದಕ್ಕೊಂದು ಮಾತಾಡಲು 1995ರಿಂದ ಬ್ಯಾಕ್‌ನೆಟ್ ಎಂಬ ಪ್ರೋಟೋಕಾಲ್ ಇದೆ.

ನಮ್ಮ ಕ್ಲಾಸ್‌ರೂಮಿನ ಲೆಕ್ಕವನ್ನೇ ಹಾಕೋಣ. 75 ವ್ಯಾಟಿನ 20 ಫ್ಯಾನು ಖಾಲಿ ರೂಮುಗಳಲ್ಲಿ ದಿನಕ್ಕೆ 3 ಗಂಟೆ ತಿರುಗಿದರೆ 4.5 ಯೂನಿಟ್. ವರ್ಷಕ್ಕೆ 200 ದಿನ ಅಂದ್ರೆ 900 ಯೂನಿಟ್. ಯಾರಿಗೂ ಗಾಳಿ ಬೀಸದೇ ಹೋದ ಕರೆಂಟು ಅದು. ಜನ ಇದ್ದಾರೋ ಇಲ್ಲವೋ ಎಂದು ನೋಡುವ ಒಂದು ಸೆನ್ಸರ್ ಇದನ್ನು ತಡೆಯಬಲ್ಲದು.

ಹೈದರಾಬಾದಿನ ಪ್ರಯೋಗ

ಸೇಡಂ ದಾಟಿದರೆ ತೆಲಂಗಾಣ. ಅಲ್ಲಿ ಹೈದರಾಬಾದಿನ ಇನ್ಫೋಸಿಸ್ ಕ್ಯಾಂಪಸ್‌ನಲ್ಲಿ ಒಂದು ಕಟ್ಟಡವನ್ನು ಸರಿಯಾಗಿ ಎರಡು ಭಾಗ ಮಾಡಿದರು. ಒಂದು ಭಾಗಕ್ಕೆ ಗಾಳಿ ತಂಪು ಮಾಡುವ ಮಾಮೂಲಿ ಎಸಿ. ಇನ್ನೊಂದರಲ್ಲಿ ಸ್ಲ್ಯಾಬಿನೊಳಗಿನ ಪೈಪುಗಳಲ್ಲಿ ತಣ್ಣೀರು ಹರಿಸಿದರು. ಒಂದೇ ಗಾತ್ರದ ಗಾಳಿಗಿಂತ ನೀರು 3,000 ಪಟ್ಟಿಗೂ ಹೆಚ್ಚು ಶಾಖ ಹೊರುತ್ತದೆ. ಹಾಗಾಗಿ ದೊಡ್ಡ ಫ್ಯಾನುಗಳ ಕೆಲಸ ಸಣ್ಣ ಪಂಪಿನಲ್ಲೇ ಆಗುತ್ತದೆ. ಎರಡೂ ಕಡೆ ಮೀಟರ್ ಇಟ್ಟು ನೋಡಿದಾಗ ತಣ್ಣೀರಿನ ಭಾಗಕ್ಕೆ ಎಸಿ ಕರೆಂಟು 34% ಕಡಿಮೆ ಬಂತು. ಮೀಟರ್ ಇಡದೇ ಹೋಗಿದ್ದರೆ ಇದು ಬರೀ ಬಾಯಿಮಾತಾಗಿ ಉಳೀತಿತ್ತು.

ಎಲ್ಲಿ ಓದೋದು?

ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದಲ್ಲಿ ಬಿಲ್ಡಿಂಗ್ ಎನರ್ಜಿ ಪರ್ಫಾರ್ಮೆನ್ಸ್ ಸ್ನಾತಕೋತ್ತರ ಕೋರ್ಸ್ ಇದೆ. ಲಂಡನ್ನಿನ ಯುಸಿಎಲ್‌ನಲ್ಲಿ ಸ್ಮಾರ್ಟ್ ಬಿಲ್ಡಿಂಗ್ಸ್ ಮೇಲೇ ಎಂಎಸ್ಸಿ ಇದೆ. ಕೆಲಸಕ್ಕೆ ಸೇರಿದವರು ಅನುಭವ ಆದ ಮೇಲೆ ಬಿಇಇ ನಡೆಸುವ ಎನರ್ಜಿ ಆಡಿಟರ್ ಪರೀಕ್ಷೆ ಬರೆಯಬಹುದು. ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಕಂಪ್ಯೂಟರ್, ಎಲ್ಲ ಬ್ರಾಂಚಿನವರಿಗೂ ಇಲ್ಲಿ ಕೆಲಸ ಇದೆ.

ನಮ್ಮೂರಿಗೆ ಏನು ಉಪಯೋಗ?

ಕಾಳಗಿ ಚಿತ್ತಾಪುರದಿಂದ ಬೇರೆಯಾದ ಹೊಸ ತಾಲೂಕು. ಇಂಥ ಕಡೆ ಕಚೇರಿ, ಆಸ್ಪತ್ರೆ, ಹಾಸ್ಟೆಲ್ ಎಲ್ಲ ಬೇಕು. ಉದ್ಘಾಟನೆ ಒಂದೇ ದಿನ. ಸೋರುವ ನಲ್ಲಿ, ಸುಟ್ಟ ಮೋಟಾರು, ಬ್ಯಾಟರಿ ಸತ್ತ ಸೆನ್ಸರ್ ದಿನಾ ಇರೋದೇ. ಕೆಟ್ಟ ಮೇಲೆ ಓಡಾಡುವುದಕ್ಕಿಂತ ಕೆಡುವ ಮುಂಚೆ ನೋಡುವವರು ನಮ್ಮ ಕಡೆಗೂ ಬೇಕು. ಕಲ್ಲು, ಸಿಮೆಂಟು ಕೊಟ್ಟ ನೆಲ ಈ ವಿದ್ಯೆಯನ್ನೂ ಕೊಡಬಹುದಲ್ಲ?

ಶುರು ಮಾಡೋಕೆ ಎಂಟೆಕ್ ಸೀಟು ಬೇಕಾಗಿಲ್ಲ. ಕಾಲೇಜಿನ ಒಂದು ಬ್ಲಾಕಿನ ಮೀಟರನ್ನು ಅನುಮತಿ ಕೇಳಿ ಒಂದು ತಿಂಗಳು ಬೆಳಿಗ್ಗೆ-ಸಂಜೆ ಬರೆದಿಡೋಣ. ಯಾರೂ ಇಲ್ಲದ ರಾತ್ರಿ ಎಷ್ಟು ಯೂನಿಟ್ ಹೋಗ್ತದೆ ಅನ್ನೋದು ಕೈಗೆ ಸಿಗುತ್ತದೆ. ಮಿನಿ ಪ್ರಾಜೆಕ್ಟಿಗೆ ಅಷ್ಟು ಸಾಕು.