ಎರಡು ಎಕ್ಕ ಬಂದರೂ

ಮಂಚೇನಹಳ್ಳಿ

ಪ್ರೀತಿಯ ಪುಟ್ಟನಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಆನ್‌ಲೈನ್ ಪೋಕರ್ ಟೂರ್ನಮೆಂಟು ಹೇಗೆ ನಡೆಯುತ್ತೆ, ಪಿಜಿಯಲ್ಲಿ ಹುಡುಗರೆಲ್ಲ ಅದರ ಮಾತೇ ಆಡ್ತಾರೆ ಅಂತ ಫೋನಿನಲ್ಲಿ ಕೇಳಿದೆಯಲ್ಲ. ನಿಮ್ಮಪ್ಪನನ್ನು ಬಿಟ್ಟು ನನ್ನನ್ನೇ ಯಾಕೆ ಕೇಳಿದೆ ಅನ್ನೋದೂ ಗೊತ್ತು. ಯುಗಾದಿ ಬಂದರೆ ಜಗಲಿಯ ಮೇಲೆ ಇಸ್ಪೀಟು ಹರಡಿಕೊಂಡು ಕೂರುವವನು ಈ ಮನೆಯಲ್ಲಿ ನಾನೊಬ್ಬನೇ. ಹೆದರಬೇಡ, ಬೈಯುವುದಿಲ್ಲ. ಗಣಿತದ ಮೇಷ್ಟ್ರಾಗಿದ್ದವನು, ಲೆಕ್ಕ ಹೇಳುತ್ತೇನೆ.

ಹೆಚ್ಚು ಚಾಲ್ತಿಯಲ್ಲಿರುವುದು ಟೆಕ್ಸಾಸ್ ಹೋಲ್ಡೆಮ್. ನಿನ್ನ ಕೈಗೆ ಎರಡೇ ಎಲೆ. ನಡುವೆ ಎಲ್ಲರಿಗೂ ಕಾಣುವಂತೆ ಐದು ಬೀಳುತ್ತವೆ: ಮೊದಲು ಮೂರು, ಆಮೇಲೊಂದು, ಕೊನೆಗೊಂದು. ಆ ಏಳರಲ್ಲಿ ಯಾರ ಐದು ಎಲೆ ಮೇಲೋ ಅವರದು ಗೆಲುವು. ಪ್ರತಿ ಹಂತದಲ್ಲೂ ಬಾಜಿ ಏರಿಸಬಹುದು, ಸಮ ಕಟ್ಟಬಹುದು, ಎಲೆ ಬಿಸಾಕಿ ಸುಮ್ಮನಾಗಬಹುದು. ಮೂರೆಲೆ ಆಡಿದವನಿಗೆ ಇದು ಒಂದು ಸಂಜೆಯ ಪಾಠ.

ಟೂರ್ನಮೆಂಟಿನ ಕರಾಮತ್ತು ಇರುವುದು ಬೇರೆ ಕಡೆ. ಪ್ರವೇಶಕ್ಕೆ ₹550 ಅಂದುಕೋ. 500 ಬಹುಮಾನದ ಗಂಟಿಗೆ, 50 ಆ್ಯಪಿನವರಿಗೆ. ಇನ್ನೂರು ಜನ ಕೂತರೆ ಗಂಟು ಒಂದು ಲಕ್ಷ, ಆ್ಯಪಿಗೆ ಹತ್ತು ಸಾವಿರ. ಯಾರು ಗೆದ್ದರೂ ಯಾರು ಸೋತರೂ ಆ ಹತ್ತು ಸಾವಿರ ಅಲ್ಲಾಡುವುದಿಲ್ಲ. ನಿನಗೆ ಕೊಡುವ 10,000 ಚಿಪ್ಸು ದುಡ್ಡಲ್ಲ; ನಡುವೆ ಎದ್ದು ಅದನ್ನು ನಗದು ಮಾಡಿಕೊಳ್ಳುವಂತಿಲ್ಲ. ಪೂರ್ತಿ ಕಳೆದರೆ ಹೊರಗೆ. ಕೆಲವು ಟೂರ್ನಮೆಂಟಿನಲ್ಲಿ ಮತ್ತೆ ದುಡ್ಡು ಕಟ್ಟಿ ಒಳಗೆ ಬರಬಹುದು. ಆ ಬಾಗಿಲನ್ನು ಅವರು ಬೇಕೆಂದೇ ತೆರೆದಿಟ್ಟಿರುತ್ತಾರೆ.

ಎಲೆ ನೋಡುವ ಮೊದಲೇ ಇಬ್ಬರು ಸರದಿಯಂತೆ ಕಡ್ಡಾಯವಾಗಿ ಹಾಕುವ ಬಾಜಿಗೆ ಬ್ಲೈಂಡು ಅನ್ನುತ್ತಾರೆ. ಶುರುವಿನಲ್ಲಿ ಅದು 50–100. ಎಂಟು ನಿಮಿಷಕ್ಕೊಮ್ಮೆ ಏರುತ್ತಾ ಹೋಗಿ ಒಂದೂವರೆ ಗಂಟೆಯ ಹೊತ್ತಿಗೆ 500–1,000 ಆಗಿರುತ್ತದೆ. ಒಂದು ಚಿಪ್ಪೂ ಸೋಲದೆ 10,000 ಹಾಗೇ ಉಳಿಸಿಕೊಂಡೆ ಅನ್ನು. ಮೊದಲು ನೂರು ದೊಡ್ಡ ಬ್ಲೈಂಡಿಗೆ ಸಾಲುತ್ತಿದ್ದದ್ದು ಈಗ ಹತ್ತಕ್ಕೆ. ಎಂಟು ನಿಮಿಷಕ್ಕೊಮ್ಮೆ ಬಾಡಿಗೆ ಏರಿಸುವ ಓನರ್ ಮನೆಯಲ್ಲಿ ಇದ್ದ ಹಾಗೆ. ಒಳ್ಳೆಯ ಎಲೆ ಬರಲಿ ಎಂದು ಕಾಯುವವನನ್ನು ಗಡಿಯಾರವೇ ಎಬ್ಬಿಸಿ ಕಳಿಸುತ್ತದೆ.

ಬಹುಮಾನ ಸಾಮಾನ್ಯವಾಗಿ ನೂರಕ್ಕೆ ಹತ್ತು ಹದಿನೈದು ಜನಕ್ಕೆ. ಇನ್ನೂರರಲ್ಲಿ ಮೂವತ್ತು ಜನಕ್ಕೆ ಅಂದರೆ ಮೂವತ್ತೊಂದನೆಯವನಿಗೆ ಸೊನ್ನೆ. ಆ ಗಡಿಗೆ ಬಬಲ್ ಅಂತ ಹೆಸರು. ಅಲ್ಲಿ ರಾಜಾ ಜೋಡಿ ಹಿಡಿದವನೂ ಬೆವರುತ್ತಾನೆ. ಮೂವತ್ತನೆಯವನಿಗೆ ಹಾಕಿದ್ದಕ್ಕಿಂತ ಸ್ವಲ್ಪ ಹೆಚ್ಚು ಸಿಗುತ್ತದೆ, ಅಷ್ಟೆ. ಗಂಟಿನ ದೊಡ್ಡ ಪಾಲೆಲ್ಲ ಮೊದಲ ಮೂರು ನಾಲ್ಕು ಜನಕ್ಕೆ.

ಈಗ ನಿನ್ನ ಗೆಳೆಯರು ಹೇಳದ ಲೆಕ್ಕ. ಕೈಗೆ ಎರಡು ಎಕ್ಕ ಬರುವುದು 221 ಸಲಕ್ಕೆ ಒಮ್ಮೆ. ಬಂತು, ಎದುರಿನವನಿಗೆ ಎರಡು ರಾಜಾ, ಇಬ್ಬರೂ ಇದ್ದಬದ್ದ ಚಿಪ್ಸೆಲ್ಲ ನೂಕಿದಿರಿ. ನೀನು ಗೆಲ್ಲುವುದು ನೂರಕ್ಕೆ ಸುಮಾರು 82 ಸಲ. ಭರ್ಜರಿಯೇ. ಆದರೆ ಇಂಥ ಐದು ಪಂದ್ಯ ಸಾಲಾಗಿ ಗೆಲ್ಲಬೇಕಾದರೆ 0.82 ಅನ್ನು ಐದು ಸಲ ಗುಣಿಸು: 0.37. ಅಂದರೆ ಐದು ಸಲವೂ ನಿನ್ನದೇ ಮೇಲಾದ ಎಲೆ, ಒಂದು ತಪ್ಪೂ ಮಾಡಿಲ್ಲ, ಆದರೂ ಸುಮಾರು ಮೂರರಲ್ಲಿ ಎರಡು ಪಾಲು ಎಲ್ಲೋ ಒಂದು ಕಡೆ ಮುಗ್ಗರಿಸುತ್ತೀಯ. ಪೋಕರು ಜಾಣತನದ ಆಟವೇ ಹೌದು, ನಾನು ಅಲ್ಲಗಳೆಯುವುದಿಲ್ಲ. ಆ ಜಾಣತನ ಫಲ ಕೊಡುವುದು ನೂರಾರು ಟೂರ್ನಮೆಂಟು ಆದ ಮೇಲೆ. ಮುನ್ನೂರಕ್ಕೆ ಪ್ರವೇಶದ್ದೇ ₹1,65,000, ಅದರಲ್ಲಿ ಆ್ಯಪಿನ ಪಾಲು ಹದಿನೈದು ಸಾವಿರ. ಅಷ್ಟು ದೂರ ನಡೆಯುವಷ್ಟು ದುಡ್ಡು ಹೊಸಬನ ಹತ್ತಿರ ಇರುವುದಿಲ್ಲ. ಇದ್ದವನು ಅದನ್ನು ಹೊಸಬನಿಂದಲೇ ಗೆದ್ದಿರುತ್ತಾನೆ.

ಕಾನೂನಿನ ಕಥೆ ಇನ್ನೂ ಸ್ವಾರಸ್ಯ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟವನ್ನು ಆಂಧ್ರದವರು 2020ರ ಸೆಪ್ಟೆಂಬರಿನಲ್ಲೇ ನಿಷೇಧಿಸಿದರು. ಆಗ ಗೌರಿಬಿದನೂರಿನಲ್ಲಿ ಕೂತು ಆಡಬಹುದಾಗಿದ್ದದ್ದು ಗಡಿಯಾಚೆ ಹಿಂದೂಪುರಕ್ಕೆ ಹೋದರೆ ಅಪರಾಧವಾಗಿತ್ತು! ನಮ್ಮ ಕರ್ನಾಟಕ ಸರ್ಕಾರ 2021ರ ಅಕ್ಟೋಬರ್ 5ರಿಂದ ನಿಷೇಧ ತಂದಿತು. 2022ರ ಫೆಬ್ರುವರಿ 14ರಂದು ಹೈಕೋರ್ಟು ಅದನ್ನು ರದ್ದು ಮಾಡಿತು, ಚತುರತೆಯ ಆಟವನ್ನು ಜೂಜಿನ ಜೊತೆ ಕಟ್ಟಬೇಡಿ ಅಂತ. ಆಮೇಲೆ 2025ರ ಆಗಸ್ಟಿನಲ್ಲಿ ಸಂಸತ್ತು ಒಂದು ಕಾಯ್ದೆ ಪಾಸು ಮಾಡಿತು, 22ರಂದು ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ಚತುರತೆಯೋ ಅದೃಷ್ಟವೋ, ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟವೇ ಬೇಡ ಎನ್ನುತ್ತದೆ ಅದು. ಆಡಿಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ. ಬರೀ ಆಡಿದವನಿಗೆ ಶಿಕ್ಷೆ ಇಟ್ಟಿಲ್ಲ. ಆ ತಿಂಗಳೇ ದೊಡ್ಡ ಆ್ಯಪುಗಳು ದುಡ್ಡಿನ ಆಟ ನಿಲ್ಲಿಸಿದವು. ಕಾಯ್ದೆಯನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿಗೆ ಹೋದವು.

ಹಾಗಾದರೆ ನಿನ್ನ ಪಿಜಿಯಲ್ಲಿ ಇನ್ನೂ ಯಾರಾದರೂ ದುಡ್ಡು ಕಟ್ಟಿ ಆಡುತ್ತಿದ್ದರೆ ಅದು ಎಲ್ಲಿಯದು? ಹೊರದೇಶದ ಯಾವುದೋ ಸೈಟು, ಲಿಂಕು ಟೆಲಿಗ್ರಾಂನಲ್ಲಿ, ಯುಪಿಐ ಯಾರದೋ ಖಾಸಗಿ ಖಾತೆಗೆ. ಗೆದ್ದದ್ದು ಕೊಡದಿದ್ದರೆ ಯಾರ ಮನೆ ಬಾಗಿಲು ತಟ್ಟುತ್ತೀಯ? ಆ ಖಾತೆಯ ಮೇಲೆ ಸೈಬರ್ ದೂರು ಬಿದ್ದರೆ ನಿನ್ನ ಸಂಬಳದ ಖಾತೆಯೂ ಫ್ರೀಜ್ ಆಗಬಹುದು. ಅದರ ಹತ್ತಿರ ಸುಳಿಯಬೇಡ. ನಿನ್ನ ಖಾತೆಯನ್ನು "ಎರಡು ದಿನಕ್ಕೆ ಕೊಡು ಮಗಾ" ಅಂತ ಯಾರಾದರೂ ಕೇಳಿದರೆ ಸ್ನೇಹ ಹೋದರೂ ಸರಿ, ಕೊಡಬೇಡ.

ಆಟ ಕಲಿಯುವ ಆಸೆಗೆ ನನ್ನ ಅಡ್ಡಿಯಿಲ್ಲ. ಪುಕ್ಕಟೆ ಚಿಪ್ಸಿನ ಆ್ಯಪುಗಳಿವೆ, ಆದರೆ ಕಳೆದುಕೊಳ್ಳಲು ಏನೂ ಇಲ್ಲವಾದ್ದರಿಂದ ಅಲ್ಲಿ ಯಾರೂ ಎಲೆ ಬಿಡುವುದಿಲ್ಲ, ಕೆಟ್ಟ ಎಲೆ ಹಿಡಿದು ಹೆದರಿಸುವ ಬ್ಲಫ್ ನಡೆಯುವುದಿಲ್ಲ. ಅದಕ್ಕಿಂತ ದೀಪಾವಳಿಗೆ ಬಾ. ತಲೆಗೆ ನೂರು ಹುಣಸೆ ಬೀಜ, ಒಂದು–ಎರಡರಿಂದ ಬ್ಲೈಂಡು, ಫೋನಿನಲ್ಲಿ ಎಂಟು ನಿಮಿಷಕ್ಕೆ ಅಲಾರಂ. ಮೊದಲು ಹೊರಬಿದ್ದವರು ರಾತ್ರಿ ಪಾತ್ರೆ ತೊಳೆಯಬೇಕು. ನಿಮ್ಮ ದೊಡ್ಡಮ್ಮನೂ ಕೂರುತ್ತಾಳಂತೆ. ಅವಳ ಮುಖ ನೋಡಿ ಕೈಯಲ್ಲೇನಿದೆ ಎಂದು ಹೇಳಲು ಇಷ್ಟು ವರ್ಷವಾದರೂ ನನ್ನಿಂದ ಆಗಿಲ್ಲ, ಹುಷಾರು. ಬರುವಾಗ ಒಂದು ಹೊಸ ಕಟ್ಟು ತಗೊಂಡು ಬಾ, ಮನೆಯಲ್ಲಿರುವುದರಲ್ಲಿ ಆಟೀನ್ ಏಳು ಕಾಣೆಯಾಗಿದೆ.

ಇಂತಿ ನಿನ್ನ
ದೊಡ್ಡಪ್ಪ