ಗುಡ್ಡದ ದಾರಿಯಲ್ಲಿ ಜೀಪಿನ ಕುಲುಕಾಟ

ಕೊಲ್ಲೂರಿನ ಕಡೆಯಿಂದ ಕೊಡಚಾದ್ರಿಗೆ ಜೀಪಿನಲ್ಲಿ ಹೋಗಿ ಬಂದವರಿಗೆ ಈ ಲೇಖನದ ವಿಷಯವನ್ನು ಪೀಠಿಕೆ ಹಾಕಿ ಹೇಳಬೇಕಾದುದಿಲ್ಲ. ೧೩೪೩ ಮೀಟರ್ ಎತ್ತರದ ಆ ಬೆಟ್ಟದ ನೋಟ ಎಷ್ಟು ರಮ್ಯವೋ, ಅದನ್ನೇರುವ ಕಲ್ಲುದಾರಿ ಅಷ್ಟೇ ನಿರ್ದಯ. ಪ್ರವಾಸಿಗೆ ಅದು ಒಂದು ದಿನದ ಮೋಜು. ಮರುದಿನ ಸೊಂಟಕ್ಕೆ ಎಣ್ಣೆ ತಿಕ್ಕಿಕೊಂಡರೆ ಮುಗಿಯಿತು. ಆದರೆ ಅಂಥ ದಾರಿಗಳ ಕೊನೆಯಲ್ಲಿ ಮನೆ ಮಾಡಿಕೊಂಡಿರುವ ಮಲೆನಾಡಿಗರಿಗೆ ಜೀಪೇ ಬಸ್ಸು, ಜೀಪೇ ಲಾರಿ, ಆಪತ್ಕಾಲದಲ್ಲಿ ಜೀಪೇ ಆಂಬುಲೆನ್ಸು.

ಎರಡು ವರ್ಷಗಳ ಹಿಂದೆ ಮಳೆಗಾಲದಲ್ಲಿ ನಮ್ಮ ಅಜ್ಜಿ ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ದೊಡ್ಡಪ್ಪನವರ ಜೀಪಿನಲ್ಲಿ ಹಾಸಿಗೆ ಹಾಸಿ ಮಲಗಿಸಿಕೊಂಡು ಹೊರಟೆವು. ಟಾರು ರಸ್ತೆ ಸಿಕ್ಕಬೇಕಾದರೆ ಆರು ಕಿಲೋಮೀಟರ್ ಕಲ್ಲುದಾರಿ. ದೊಡ್ಡಪ್ಪ ಎತ್ತಿನ ಗಾಡಿಗಿಂತ ಮೆಲ್ಲಗೆ ನಡೆಸಿದರು. ಆದರೂ ಒಂದೊಂದು ಕಲ್ಲಿಗೂ ಅಜ್ಜಿ ನನ್ನ ಕೈ ಹಿಚುಕುತ್ತಿದ್ದರು. “ಬಿದ್ದದ್ದು ಒಂದು ತೂಕ ಮಗಾ, ಈ ದಾರಿ ಒಂದು ತೂಕ” ಎಂದರು. ಆ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು. ದಾರಿಯನ್ನು ನಾವು ತಿದ್ದಲಾರೆವು ನಿಜ; ಜೀಪನ್ನಾದರೂ ತಿದ್ದಬಹುದಲ್ಲವೆ? ಇತಿಹಾಸದ ವಿದ್ಯಾರ್ಥಿಯಾದ ನಾನು ಪಿ.ಯು. ತರಗತಿಯ ಭೌತಶಾಸ್ತ್ರದ ಪುಸ್ತಕವನ್ನು ಅಟ್ಟದಿಂದ ಇಳಿಸಿದ್ದು ಹೀಗೆ. ಅಲ್ಲಿಂದ ಮುಂದೆ ಓದಿ, ಕೇಳಿ, ಕೈಮಸಿ ಮಾಡಿಕೊಂಡು ತಿಳಿದುದನ್ನು ಸಹಪಾಠಿಗಳ ಮುಂದಿಡುತ್ತೇನೆ.

ತತ್ತ್ವ

ಗಾಲಿಗೂ ಗಾಡಿಯ ಒಡಲಿಗೂ ನಡುವೆ ಇರುವ ಸ್ಪ್ರಿಂಗು, ಷಾಕ್ ಅಬ್ಸಾರ್ಬರ್ ಮತ್ತು ಅವುಗಳ ಕೀಲುಗಳಿಗೆ ಒಟ್ಟಾಗಿ ಸಸ್ಪೆನ್ಷನ್ ಎಂದು ಹೆಸರು. ಅದರ ಕೆಲಸ ಎರಡು: ಗಾಲಿ ನೆಲ ಬಿಡದಂತೆ ನೋಡಿಕೊಳ್ಳುವುದು, ಒಡಲು ನೆಲದಂತೆ ಕುಣಿಯದ ಹಾಗೆ ನೋಡಿಕೊಳ್ಳುವುದು. ಸ್ಪ್ರಿಂಗಿನ ಮೇಲೆ ಭಾರ ಎಷ್ಟು ಪಟ್ಟು ಹೆಚ್ಚಿತೋ ಅದರ ಕುಸಿತವೂ ಅಷ್ಟು ಪಟ್ಟು ಹೆಚ್ಚುತ್ತದೆಂಬ ನಿಯಮವನ್ನು ಇಂಗ್ಲೆಂಡಿನ ರಾಬರ್ಟ್ ಹುಕ್ ೧೬೭೮ರಲ್ಲಿ ಪ್ರಕಟಿಸಿದನು. ಈ ಒಂದು ನಿಯಮದಿಂದಲೇ ನಮ್ಮ ಪ್ರಶ್ನೆಗೆ ಅರ್ಧ ಉತ್ತರ ದೊರೆಯುತ್ತದೆ.

ಭಾರ ಹೊತ್ತ ಸ್ಪ್ರಿಂಗನ್ನು ಒತ್ತಿ ಬಿಟ್ಟರೆ ಅದು ಸೆಕೆಂಡಿಗೆ ಇಂತಿಷ್ಟು ಸಲ ಎಂದು ಏರಿಳಿಯುತ್ತದೆ. ಇದು ಅದರ ಸಹಜ ಆವೃತ್ತಿ. ವಿಶೇಷವೆಂದರೆ ಇದನ್ನು ತಿಳಿಯಲು ಭಾರವೂ ಬೇಡ, ಉಕ್ಕಿನ ಗುಣವೂ ಬೇಡ. ಭಾರಕ್ಕೆ ಸ್ಪ್ರಿಂಗು ಎಷ್ಟು ಕುಸಿದಿದೆ ಎಂಬುದೊಂದು ತಿಳಿದರೆ ಸಾಕು. ಕುಸಿತ ೪ ಸೆಂಟಿಮೀಟರ್ ಆದರೆ ಸೆಕೆಂಡಿಗೆ ಸುಮಾರು ೨.೫ ಆಂದೋಲನ, ೧೦ ಸೆಂಟಿಮೀಟರ್ ಆದರೆ ಸುಮಾರು ೧.೬; ೨೫ ಸೆಂಟಿಮೀಟರ್ ಆದರೆ ಸರಿಯಾಗಿ ೧. ಕುಸಿತ ಹೆಚ್ಚಿದಂತೆ ತೂಗಾಟ ನಿಧಾನವಾಗುತ್ತದೆ. ತೊಟ್ಟಿಲು ತೂಗಿದವರಿಗೆ ಗೊತ್ತು: ನಿಧಾನವಾಗಿ ತೂಗಿದರೆ ಮಗು ನಿದ್ದೆ ಹೋಗುತ್ತದೆ, ಕುಲುಕಿದರೆ ಅಳುತ್ತದೆ. ಸೆಕೆಂಡಿಗೆ ೧ರಿಂದ ೧.೫ರ ಆಸುಪಾಸಿನ ತೂಗಾಟವನ್ನು ನಮ್ಮ ಶರೀರ ಸುಖವೆಂದೇ ಎಣಿಸುತ್ತದೆ. ಅರ್ಧಕ್ಕಿಂತ ಕಡಿಮೆಯಾದರೆ ಹಡಗಿನಲ್ಲಿ ಕುಳಿತಂತೆ ಹೊಟ್ಟೆ ತೊಳಸುತ್ತದೆ. ೪ರಿಂದ ೮ರವರೆಗಿನ ಕಂಪನವಂತೂ ಕುಳಿತ ಮನುಷ್ಯನ ಬೆನ್ನಿಗೂ ಒಳಾಂಗಗಳಿಗೂ ಎಲ್ಲಕ್ಕಿಂತ ಕಷ್ಟಕರ. ಏಕೆಂದರೆ ದೇಹದ ಮುಂಡಭಾಗದ ಸಹಜ ಆವೃತ್ತಿಯೇ ಅಲ್ಲಿದೆ.

ಖಾಲಿ ಜೀಪು ಎತ್ತಿ ಹಾಕುತ್ತದೆ, ತುಂಬಿದ ಜೀಪು ಮೆತ್ತಗೆ ಹೋಗುತ್ತದೆ ಎಂಬ ಅನುಭವಕ್ಕೆ ಕಾರಣವೂ ಇದೇ. ತುಂಬಿದಾಗ ೧೦ ಸೆಂಟಿಮೀಟರ್ ಕುಸಿಯುವ ಹಿಂಬದಿಯ ಸ್ಪ್ರಿಂಗು ಅರ್ಧ ಭಾರಕ್ಕೆ ೫ ಸೆಂಟಿಮೀಟರ್ ಮಾತ್ರ ಕುಸಿಯುತ್ತದೆಂದು ಇಟ್ಟುಕೊಳ್ಳಿ. ಆಗ ಆವೃತ್ತಿ ೧.೬ರಿಂದ ೨.೨ಕ್ಕೆ ಏರುತ್ತದೆ. ನಮ್ಮ ಅಜ್ಜಿಯನ್ನು ಒಯ್ದ ದಿನ ಜೀಪಿನಲ್ಲಿ ನಾವು ಮೂವರೇ ಇದ್ದೆವು.

ಜೀಪಿನ ಹುಟ್ಟುಗುಣ

೧೯೪೧ರಲ್ಲಿ ಅಮೆರಿಕದ ಸೈನ್ಯಕ್ಕಾಗಿ ತಯಾರಾಗತೊಡಗಿದ ವಿಲ್ಲೀಸ್ ಜೀಪಿಗೆ ಹಿಂದೆ ಮುಂದೆ ಎರಡೂ ಕಡೆ ಗಡುಸಾದ ಆಕ್ಸಲ್ಲು, ನಾಲ್ಕು ಮೂಲೆಗೂ ಪಟ್ಟಿ ಸ್ಪ್ರಿಂಗು. ೧೯೪೭ರಲ್ಲಿ ಮಹೀಂದ್ರ ಕಂಪನಿ ಮುಂಬಯಿಯಲ್ಲಿ ಇದೇ ಜೀಪನ್ನು ಜೋಡಿಸತೊಡಗಿತು. ನಮ್ಮ ಗುಡ್ಡಗಳಲ್ಲಿ ಓಡಾಡುವ ಹಳೆಯ ಜೀಪುಗಳಲ್ಲಿ ಬಹುಪಾಲು ಆ ವಂಶದವೇ. ಪಟ್ಟಿ ಸ್ಪ್ರಿಂಗು ಅಗ್ಗ, ಗಟ್ಟಿ, ಹಳ್ಳಿಯ ಕುಲುಮೆಯಲ್ಲೂ ರಿಪೇರಿಯಾಗುವಂಥದು; ಭಾರ ಹೊರುವುದರ ಜೊತೆಗೆ ಆಕ್ಸಲ್ಲನ್ನೂ ಅದೇ ಹಿಡಿದಿಡುತ್ತದೆ. ಆದರೆ ಸುಖ ಅದರ ಮೊದಲ ಉದ್ದೇಶವಲ್ಲ.

ಒರಟು ನೆಲಕ್ಕೆ ಒರಟು ಗಾಡಿಯೇ ಆಗಬೇಕೆಂಬುದು ಮಾತ್ರ ತಪ್ಪು. ಫ್ರಾನ್ಸಿನ ಸಿಟ್ರೊಯೆನ್ ಕಂಪನಿ ೧೯೪೮ರಲ್ಲಿ ಹೊರತಂದ ರೈತರ ಕಾರು ‘೨ಸಿವಿ’ಯನ್ನು ರೂಪಿಸುವಾಗ, ಬುಟ್ಟಿ ತುಂಬ ಕೋಳಿಮೊಟ್ಟೆ ಇಟ್ಟುಕೊಂಡು ಉತ್ತ ಹೊಲವನ್ನು ದಾಟಿದರೂ ಒಂದೂ ಒಡೆಯಬಾರದೆಂಬ ಷರತ್ತು ಇತ್ತು. ಬ್ರಿಟನ್ನಿನ ರೇಂಜ್ ರೋವರ್ ೧೯೭೦ರಲ್ಲಿ ಗಡುಸು ಆಕ್ಸಲ್ಲುಗಳನ್ನೇ ಉಳಿಸಿಕೊಂಡು, ಉದ್ದ ಚಲನೆಯುಳ್ಳ ಮೆತ್ತನೆಯ ಸುರುಳಿ ಸ್ಪ್ರಿಂಗನ್ನು ನಾಲ್ಕು ಗಾಲಿಗೂ ಹಾಕಿತು. ಮೆತ್ತಗಿದ್ದ ಕಾರಣ ಅದರ ಗಾಲಿಗಳು ಹಳ್ಳದಿಣ್ಣೆಗಳನ್ನು ಇನ್ನೂ ಚೆನ್ನಾಗಿ ಹಿಡಿದವು. ಸುಖವೂ ಹಿಡಿತವೂ ಪರಸ್ಪರ ಶತ್ರುಗಳಲ್ಲ ಎಂದಾಯಿತು.

ತಿದ್ದುವ ಕ್ರಮ

ಇಲ್ಲಿ ನಿಯಮ ಎರಡು. ಖರ್ಚಿಲ್ಲದ್ದನ್ನು ಮೊದಲು ಮಾಡಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಅದೇ ದಾರಿಯಲ್ಲಿ ಅದೇ ವೇಗದಲ್ಲಿ ಓಡಿಸಿ ನೋಡಬೇಕು. ಇಲ್ಲವಾದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ.

ಮೊದಲನೆಯದು ಗಾಳಿ. ಟೈರು ಸಹ ಒಂದು ಸ್ಪ್ರಿಂಗೇ. ಟಾರು ರಸ್ತೆಗೆ ೩೦ ಪೌಂಡು ಗಾಳಿ ಹಿಡಿಯುವ ಟೈರನ್ನು ಕಲ್ಲುದಾರಿಯಲ್ಲಿ, ನಿಧಾನ ವೇಗದಲ್ಲಿ, ೨೦ರ ಸಮೀಪಕ್ಕೆ ಇಳಿಸಿದರೆ ಅದು ಚೂಪುಗಲ್ಲನ್ನು ತನ್ನೊಳಗೆ ಅಡಗಿಸಿಕೊಂಡು ಹೋಗುತ್ತದೆ, ಹಿಡಿತವೂ ಹೆಚ್ಚುತ್ತದೆ. ತೀರ ಇಳಿಸಿದರೆ ಟೈರು ರಿಮ್ಮಿನಿಂದ ಕಳಚೀತು, ಪಕ್ಕ ಕೊಯ್ದೀತು. ಭಾರ ಹೇರಿದಾಗ ಇಳಿಸುವಂತಿಲ್ಲ. ಟಾರು ರಸ್ತೆಗೆ ಬಂದೊಡನೆ ಮತ್ತೆ ತುಂಬಲೇಬೇಕು. ಕಡಿಮೆ ಗಾಳಿಯ ಟೈರು ವೇಗದಲ್ಲಿ ಕಾದು ಸಿಡಿಯಬಹುದು. ಆದ್ದರಿಂದ ಜೀಪಿನಲ್ಲಿ ಒಂದು ಪಂಪೂ ಗಾಳಿ ಅಳೆಯುವ ಮೀಟರೂ ಇರತಕ್ಕದ್ದು.

ಎರಡನೆಯದು ಘರ್ಷಣೆ. ಪಟ್ಟಿ ಸ್ಪ್ರಿಂಗು ಬಾಗುವಾಗ ಪ್ಲೇಟುಗಳು ಒಂದರ ಮೇಲೊಂದು ಜಾರಬೇಕು. ಮಲೆನಾಡಿನ ಮಳೆಗೆ ಅವು ತುಕ್ಕು ಹಿಡಿದು ಒಂದಕ್ಕೊಂದು ಅಂಟಿಕೊಂಡರೆ, ಸಣ್ಣ ಸಣ್ಣ ಕಲ್ಲುಗಳಿಗೆ ಸ್ಪ್ರಿಂಗು ಬಾಗುವುದೇ ಇಲ್ಲ. ಆಗ ಉಳಿಯುವ ಸ್ಪ್ರಿಂಗು ಟೈರೊಂದೇ. ಟೈರು ಸ್ಪ್ರಿಂಗಿಗಿಂತ ಗಡುಸಾದ್ದರಿಂದ ಆವೃತ್ತಿ ಏರಿ, ದೇಹಕ್ಕೆ ಅಸಹ್ಯವಾದ ವಲಯವನ್ನು ಸಮೀಪಿಸುತ್ತದೆ. ಪ್ಲೇಟುಗಳನ್ನು ಬಿಚ್ಚಿಸಿ, ತುಕ್ಕು ಉಜ್ಜಿಸಿ, ಗ್ರಾಫೈಟ್ ಗ್ರೀಸು ಸವರಿ ಕೂಡಿಸುವುದು ಒಂದು ದಿನದ ಕೆಲಸ. ಸ್ಪ್ರಿಂಗಿನ ತುದಿಯ ಷ್ಯಾಕಲ್ಲುಗಳು ಸರಾಗವಾಗಿ ಆಡುತ್ತವೆಯೆ, ಬುಷ್ಷುಗಳು ಸವೆದಿವೆಯೆ ಎಂಬುದನ್ನೂ ಅಂದೇ ನೋಡಬೇಕು.

ಮೂರನೆಯದು ಪ್ಲೇಟುಗಳ ಲೆಕ್ಕ. ಒಂದೇ ಅಳತೆಯ ಪ್ಲೇಟುಗಳಾದರೆ ಸ್ಪ್ರಿಂಗಿನ ಬಿಗುವು ಅವುಗಳ ಸಂಖ್ಯೆಗೆ ತಕ್ಕಂತೆ ಏರುತ್ತದೆ. ಆದರೆ ದಪ್ಪ ಹೆಚ್ಚಿದರೆ ಅದರ ಘನಕ್ಕೆ ತಕ್ಕಂತೆ ಏರುತ್ತದೆ. ೬ ಮಿಲಿಮೀಟರ್ ದಪ್ಪದ ಪ್ಲೇಟಿನ ಬದಲು ೮ ಮಿಲಿಮೀಟರಿನದನ್ನು ಹಾಕಿದರೆ ಆ ಪ್ಲೇಟಿನ ಬಿಗುವು ಸುಮಾರು ೨.೪ ಪಟ್ಟಾಗುತ್ತದೆ. ಉದ್ದದ ಪರಿಣಾಮ ಇದಕ್ಕೆ ವಿರುದ್ಧ: ಸ್ಪ್ರಿಂಗನ್ನು ಹತ್ತರಲ್ಲೊಂದು ಪಾಲು ಉದ್ದ ಮಾಡಿದರೆ ಬಿಗುವು ಕಾಲುಭಾಗ ತಗ್ಗುತ್ತದೆ. ದೊಡ್ಡಪ್ಪನವರ ಜೀಪಿನ ರೋಗ ಇಲ್ಲಿಯೇ ಇತ್ತು. ಅಡಿಕೆ ಮೂಟೆ ಹೇರಿದಾಗ ಹಿಂಭಾಗ ಕೂರುತ್ತದೆಂದು ಪ್ರತಿ ಹಿಂಬದಿ ಸ್ಪ್ರಿಂಗಿಗೂ ಎರಡು ದಪ್ಪ ಪ್ಲೇಟುಗಳನ್ನು ಹೆಚ್ಚಾಗಿ ಸೇರಿಸಲಾಗಿತ್ತು. ವರ್ಷದಲ್ಲಿ ಎರಡು ಮೂರು ತಿಂಗಳ ಮೂಟೆಗಾಗಿ ಉಳಿದ ತಿಂಗಳುಗಳಲ್ಲೆಲ್ಲ ಮನುಷ್ಯರ ಬೆನ್ನು ದಂಡ ತೆರುತ್ತಿತ್ತು.

ನಾಲ್ಕನೆಯದು ಷಾಕ್ ಅಬ್ಸಾರ್ಬರ್. ಸ್ಪ್ರಿಂಗು ಪೆಟ್ಟನ್ನು ನುಂಗುವುದಿಲ್ಲ, ಸಾಲವಾಗಿ ತೆಗೆದುಕೊಂಡು ಹಿಂದಿರುಗಿಸುತ್ತದೆ. ಆ ಸಾಲವನ್ನು ತೀರಿಸುವುದು ಷಾಕಿನ ಕೆಲಸ. ಎಣ್ಣೆ ತುಂಬಿದ ಕೊಳವೆಯಲ್ಲಿ ಕಿರುರಂಧ್ರಗಳ ಪಿಸ್ಟನ್ನು ಚಲಿಸುವಾಗ ಚಲನಶಕ್ತಿ ಶಾಖವಾಗಿ ಮಾರ್ಪಡುತ್ತದೆ. ಒರಟು ದಾರಿ ಹತ್ತಿ ನಿಂತ ಮೇಲೆ ನಾಲ್ಕು ಷಾಕುಗಳನ್ನೂ ಎಚ್ಚರದಿಂದ ಮುಟ್ಟಿ ನೋಡಿದರೆ, ಬಿಸಿಯಾಗಿರುವುದು ದುಡಿದಿದೆ, ತಣ್ಣಗಿರುವುದು ಸತ್ತಿದೆ ಎಂದು ಗೊತ್ತಾಗುತ್ತದೆ. ಗಾಡಿಯ ಮೂಲೆಯನ್ನು ಬಲವಾಗಿ ಒತ್ತಿ ಬಿಟ್ಟರೆ ಅದು ಒಂದು ಸಲ ಏರಿ ಇಳಿದು ನಿಲ್ಲಬೇಕು. ಉಯ್ಯಾಲೆಯಾಡಿದರೆ ಷಾಕು ಸೋತಿದೆ.

ಷಾಕು ಬಿಗಿಯಾದಷ್ಟೂ ಒಳ್ಳೆಯದೆಂಬುದು ಭ್ರಮೆ. ಗಾಲಿ ಕಲ್ಲನ್ನೇರುವಾಗ ಷಾಕು ಸ್ವಲ್ಪವೇ ತಡೆಯಬೇಕು, ಇಲ್ಲವಾದರೆ ಪೆಟ್ಟು ನೇರ ಒಡಲಿಗೆ ಸಾಗುತ್ತದೆ. ಸ್ಪ್ರಿಂಗು ಮರಳಿ ಹಿಗ್ಗುವಾಗ ಹೆಚ್ಚು ತಡೆಯಬೇಕು, ಇಲ್ಲವಾದರೆ ಒಡಲು ಎಗರುತ್ತದೆ. ಆದರೆ ಈ ಎರಡನೆಯ ತಡೆ ಅತಿಯಾದರೆ ಗಾಲಿ ಕೆಳಗಿಳಿಯುವ ಮೊದಲೇ ಮುಂದಿನ ಕಲ್ಲು ಬಂದಿರುತ್ತದೆ. ಹೀಗೆ ಕಲ್ಲಿನಿಂದ ಕಲ್ಲಿಗೆ ಸ್ಪ್ರಿಂಗು ಕುಗ್ಗುತ್ತ ಹೋಗಿ ಕೊನೆಗೆ ರಬ್ಬರಿನ ತಡೆಗೆ ಬಡಿಯುತ್ತದೆ. ಹೊಂದಿಸಬಹುದಾದ ಷಾಕಾದರೆ ಸಡಿಲದಿಂದ ತೊಡಗಿ, ಎಗರಾಟ ನಿಲ್ಲುವವರೆಗೆ ಮಾತ್ರ ಬಿಗಿ ಮಾಡುತ್ತ ಬರಬೇಕು.

ಐದನೆಯದು ಚಲನೆಯ ಹಂಚಿಕೆ. ಗಾಲಿ ಮೇಲಕ್ಕೂ ಕೆಳಕ್ಕೂ ಆಡಲು ಇರುವ ಒಟ್ಟು ಜಾಗದಲ್ಲಿ ಸುಮಾರು ಮೂರರಲ್ಲೆರಡು ಪಾಲು ಏರಲು, ಒಂದು ಪಾಲು ಇಳಿಯಲು ಉಳಿದಿರುವುದು ಒಳ್ಳೆಯದು. ಏರುವ ಜಾಗ ಇಲ್ಲದ ಗಾಡಿಯಲ್ಲಿ ಎಷ್ಟು ಮೆತ್ತನೆಯ ಸ್ಪ್ರಿಂಗೂ ವ್ಯರ್ಥ. ಇದಕ್ಕಾಗಿ ಉದ್ದ ಷ್ಯಾಕಲ್ಲು ಹಾಕಿ ಜೀಪನ್ನು ಎತ್ತರಿಸುವ ಚಟ ಕೆಲವರಿಗುಂಟು. ಗಾಡಿ ಎತ್ತರವಾದಷ್ಟೂ ಗುರುತ್ವಕೇಂದ್ರ ಏರಿ, ತಿರುವಿನಲ್ಲಿ ಮಗುಚುವ ಅಪಾಯ ಹೆಚ್ಚುತ್ತದೆ. ತಯಾರಕರ ಮೂಲ ವಿವರಗಳನ್ನು ಮೀರಿ ವಾಹನವನ್ನು ಮಾರ್ಪಡಿಸುವುದಕ್ಕೆ ೧೯೮೮ರ ಮೋಟಾರು ವಾಹನ ಅಧಿನಿಯಮದ ೫೨ನೆಯ ಕಲಮಿನ ಅಡ್ಡಿಯೂ ಇದೆ.

ಕಡೆಯದು ವೇಗ. ಮಣ್ಣುದಾರಿಯಲ್ಲಿ ವಾಹನಗಳ ಓಡಾಟದಿಂದಲೇ ಅಲೆಅಲೆಯಾದ ಏಣುಗಳು ಏಳುತ್ತವೆ. ಎರಡು ಏಣುಗಳ ನಡುವೆ ೬೦ ಸೆಂಟಿಮೀಟರ್ ಅಂತರವಿದ್ದು, ಜೀಪು ಗಂಟೆಗೆ ೨೫ ಕಿಲೋಮೀಟರ್ ವೇಗದಲ್ಲಿದ್ದರೆ ಗಾಲಿಗೆ ಸೆಕೆಂಡಿಗೆ ೧೧ರಿಂದ ೧೨ ಪೆಟ್ಟು ಬೀಳುತ್ತವೆ. ಆಕ್ಸಲ್ಲು ಟೈರಿನ ಮೇಲೆ ಕುಣಿಯುವ ಸಹಜ ಆವೃತ್ತಿ ಸಾಮಾನ್ಯವಾಗಿ ೧೦ರಿಂದ ೧೫ರ ನಡುವೆ ಇರುವುದರಿಂದ ಆಗ ಅನುರಣನವುಂಟಾಗಿ ಇಡೀ ಜೀಪು ಗಡಗಡ ನಡುಗುತ್ತದೆ. ಅರ್ಧ ವೇಗಕ್ಕಿಳಿದರೆ ನಡುಕ ತಾನೇ ಅಡಗುತ್ತದೆ. ಭಾರಿ ಗಾಲಿಗಳನ್ನು ಷೋಕಿಗಾಗಿ ಹಾಕಿಸಿಕೊಂಡವರಿಗೆ ಈ ಕಾಟ ಹೆಚ್ಚು. ಸ್ಪ್ರಿಂಗಿನ ಕೆಳಗಿನ ತೂಕ ಹೆಚ್ಚಿದಷ್ಟೂ ಅದನ್ನು ಹದ್ದಿನಲ್ಲಿಡುವುದು ಷಾಕಿಗೆ ಕಷ್ಟ.

ನಮ್ಮ ಪ್ರಯೋಗ

ಈ ಲೆಕ್ಕವನ್ನೆಲ್ಲ ದೊಡ್ಡಪ್ಪನವರ ಮುಂದಿಟ್ಟಾಗ ಅವರು ಮೊದಲು ಒಪ್ಪಲಿಲ್ಲ. “ಪ್ಲೇಟು ತೆಗೆದರೆ ಮೂಟೆ ನೀನು ಹೊರುತ್ತೀಯೇನೋ?” ಎಂದರು. ಮಾತು ನ್ಯಾಯವೇ. ಜೀಪು ದುಡಿದರೆ ಮನೆ ನಡೆಯುತ್ತದೆ. ಕೊನೆಗೆ ಪೇಟೆಯ ಹಿರಿಯ ಮೆಕ್ಯಾನಿಕ್ಕೊಬ್ಬರು ದಾರಿ ತೋರಿಸಿದರು. ಸೇರಿಸಿದ್ದ ಎರಡು ಪ್ಲೇಟುಗಳನ್ನೂ ತೆಗೆದು, ಅವುಗಳ ಬದಲು ಒಂದು ಹೆಲ್ಪರ್ ಪ್ಲೇಟನ್ನು ಅಂತರ ಬಿಟ್ಟು ಕೂಡಿಸಿದರು. ಖಾಲಿ ಇದ್ದಾಗ ಅದರ ತುದಿಗಳು ಯಾವುದನ್ನೂ ಮುಟ್ಟುವುದಿಲ್ಲ, ಸ್ಪ್ರಿಂಗು ಮೆತ್ತಗಿರುತ್ತದೆ. ಮೂಟೆ ಬಿದ್ದು ಸ್ಪ್ರಿಂಗು ಕುಸಿದಾಗ ಮಾತ್ರ ಅದು ಕೆಲಸಕ್ಕೆ ಹೆಗಲು ಕೊಡುತ್ತದೆ. ಮೊದಲಿನಷ್ಟು ಮೂಟೆ ಈಗ ಒಂದೇ ಸಲಕ್ಕೆ ಹಿಡಿಯುವುದಿಲ್ಲ. ಸುಗ್ಗಿಯಲ್ಲಿ ಕೆಲವು ದಿನ ಒಂದು ಸುತ್ತು ಹೆಚ್ಚು ಹೊಡೆಯಬೇಕು. ಈ ನಷ್ಟವನ್ನು ದೊಡ್ಡಪ್ಪ ತಿಳಿದೇ ಒಪ್ಪಿಕೊಂಡರು. ಇದು ಅನುಭವಿಗಳೇ ಮಾಡತಕ್ಕ ಕೆಲಸವೆಂದು ಮಿತ್ರರಿಗೆ ಎಚ್ಚರಿಸುತ್ತೇನೆ. ಪಟ್ಟಿ ಸ್ಪ್ರಿಂಗು ಕಳಚಿದರೆ ಆಕ್ಸಲ್ಲೇ ಕಳಚಿದಂತೆ.

ಫಲವನ್ನು ಅಳೆಯಲು ನಮ್ಮಲ್ಲಿ ಉಪಕರಣವಿರಲಿಲ್ಲ. ಫ್ರಾನ್ಸಿನವರ ಮೊಟ್ಟೆಬುಟ್ಟಿಯ ನೆನಪಾಗಿ, ಬಾಯಿತನಕ ನೀರು ತುಂಬಿದ ಬಕೆಟ್ಟನ್ನು ಹಿಂದೆ ಕಟ್ಟಿ, ತಿದ್ದುವ ಮೊದಲೂ ತಿದ್ದಿದ ಮೇಲೂ ಅದೇ ದಾರಿಯಲ್ಲಿ ಅದೇ ನಿಧಾನದಲ್ಲಿ ಓಡಿಸಿದೆವು. ಮೊದಲ ಸಲ ಟಾರು ರಸ್ತೆ ಮುಟ್ಟುವಷ್ಟರಲ್ಲಿ ಅರ್ಧ ಬಕೆಟ್ಟು ಖಾಲಿ. ಎರಡನೆಯ ಸಲ ಮುಕ್ಕಾಲಿಗೂ ಮಿಕ್ಕಿ ನೀರು ಉಳಿಯಿತು.

ರಸ್ತೆಯಿಲ್ಲದ ಊರಿಗೆ ಒಳ್ಳೆಯ ರಸ್ತೆಯೇ ನಿಜವಾದ ಪರಿಹಾರ. ಸಸ್ಪೆನ್ಷನ್ ಅದಕ್ಕೆ ಬದಲಾಗದು. ಆದರೆ ರಸ್ತೆ ಬರುವವರೆಗೆ ರೋಗಿಗಳೂ ಬಾಣಂತಿಯರೂ ಇದೇ ಜೀಪುಗಳಲ್ಲಿ ಪಯಣಿಸಬೇಕಷ್ಟೆ. ಪುಸ್ತಕದ ಒಂದು ಪಾಠ ಅವರ ನೋವನ್ನು ನಾಲ್ಕಾಣೆಯಷ್ಟು ತಗ್ಗಿಸಿದರೂ ಆ ಪಾಠ ಸಾರ್ಥಕ. ನಮ್ಮ ಹಳ್ಳಿಗಳಲ್ಲಿ ಜೀಪು ಇಟ್ಟಿರುವವರಿಗೆ ಈ ನಾಲ್ಕು ಮಾತುಗಳನ್ನು ಮುಟ್ಟಿಸುವ ಕೆಲಸ ನಮ್ಮಂಥ ವಿದ್ಯಾರ್ಥಿಗಳಿಂದ ಆಗಬಹುದು.

ಅಜ್ಜಿ ಈಗ ಕೋಲೂರಿಕೊಂಡು ನಡೆಯುತ್ತಾರೆ. ಹೋದ ತಿಂಗಳು ಡಾಕ್ಟರಿಗೆ ತೋರಿಸಿಕೊಂಡು ಬರುವಾಗ, “ದಾರಿ ರಿಪೇರಿ ಮಾಡಿದ್ದಾರೇನೋ?” ಎಂದು ಕೇಳಿದರು. ದೊಡ್ಡಪ್ಪ ನನ್ನ ಮುಖ ನೋಡಿ ನಕ್ಕರು. ದಾರಿ ಹಾಗೆಯೇ ಇತ್ತು.