ಚಳಿಗಾಲದಲ್ಲಿ ಮನೆಯೂ ದಾರಿಯೂ

ಮಾರ್ಗಶಿರ ಪುಷ್ಯ ಮಾಸಗಳ ರಾತ್ರಿಯಲ್ಲಿ ನಮ್ಮ ಸೀಮೆಯ ಕಲ್ಲುಮನೆಗಳು ಬಹಳ ತಣ್ಣಗಾಗುವವು. ಆಗ ಕೆಲವರು ಕದ ಕಿಟಕಿಗಳನ್ನು ಮುಚ್ಚಿ, ಇದ್ದಲಿನ ಅಗ್ಗಿಷ್ಟಿಕೆಯನ್ನು ಒಳಗಿಟ್ಟುಕೊಂಡು ಮಲಗುವರು. 2025ನೇ ಇಸವಿಯ ನವೆಂಬರ ತಿಂಗಳಲ್ಲಿ ಬೆಳಗಾವಿಯಲ್ಲಿ ಹೀಗೆ ಮಲಗಿದ ಮೂವರು ಯುವಕರು ಮತ್ತೆ ಏಳಲಿಲ್ಲ.

ಹೊಗೆ ಕಾಣದಿದ್ದರೆ ಕೇಡಿಲ್ಲವೆಂದು ಹಲವರು ಎಣಿಸುತ್ತಾರೆ. ಆದರೆ ಇಲ್ಲಿ ಕೊಲ್ಲುವಂಥದು, ಗಾಳಿ ಸಾಲದೆ ಕೆಂಡವು ಉರಿಯುವಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲವೇ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದು ಪ್ರಾಣವಾಯುವಿಗಿಂತ ಸುಮಾರು 200 ಪಟ್ಟು ಬಲವಾಗಿ ರಕ್ತಕ್ಕೆ ಅಂಟಿಕೊಳ್ಳುವದು. ಮೊದಲು ತಲೆನೋವು, ವಾಕರಿಕೆ, ತರುವಾಯ ಮಂಪರು. ನಿದ್ರಿಸುವವನು ಇದನ್ನು ಅರಿಯುವದೇ ಇಲ್ಲ. ಆದಕಾರಣ ಕೆಂಡವನ್ನು ಅಂಗಳಕ್ಕೆ ಒಯ್ದು ಆರಿಸಿದ ಮೇಲೆಯೇ ಮಲಗತಕ್ಕದ್ದು. ಅದು ಒಳಗಿರುವ ತನಕ ಕಿಟಕಿ ತೆರೆದಿರಲಿ. ಬಾಣಂತಿಯ ಹೊರಸಿನ ಕೆಳಗೆ ಕೆಂಡವಿಡುವ ಮನೆಗಳಲ್ಲಿ, ಅಜ್ಜಿಯರು ಕೋಪಿಸಿಕೊಂಡರೂ, ಈ ಮಾತನ್ನು ಹೇಳಲೇಬೇಕು. ಯಾವನಾದರೂ ಎಚ್ಚರದಪ್ಪಿದ್ದರೆ ಕದಗಳನ್ನು ತೆರೆದು, ಅವನನ್ನು ಬಯಲಿಗೆ ತಂದು, 108ಕ್ಕೆ ಕರೆಯಿರಿ.

ಇನ್ನು ದಾರಿಯ ವಿಷಯ. ಇದು ಕಬ್ಬಿನ ಸುಗ್ಗಿಯೂ ಆಗಿರುವದು. ಜೋಡಿ ಟ್ರೇಲರಿನ ಟ್ರ್ಯಾಕ್ಟರು ಕೆಟ್ಟು ಕತ್ತಲೆಯಲ್ಲಿ ನಿಂತರೆ, ಹಿಂದಿನಿಂದ ಬರುವ ಬೈಕಿನವನಿಗೆ ಅದು ಕಾಣುವದು ಕಡೇ ಗಳಿಗೆಯಲ್ಲಿ. ಟ್ರೇಲರಿನ ಹಿಂಭಾಗಕ್ಕೆ ಹೊಳೆಯುವ ಕೆಂಪು ಪಟ್ಟಿಯನ್ನು ಹಚ್ಚುವದಕ್ಕೆ ಹೆಚ್ಚು ಖರ್ಚಿಲ್ಲ. ಒಡೆಯರು ಇದರಲ್ಲಿ ಜಿಪುಣತನ ಮಾಡಬಾರದು. ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆಗೆ ನಡೆದುಹೋಗುವವರೂ, ನಸುಕಿನಲ್ಲಿ ಹುನಗುಂದ ಇಳಕಲ್ಲಿನ ಹೆದ್ದಾರಿಯನ್ನು ದಾಟುವ ಕೂಲಿಯವರೂ ರಸ್ತೆಯ ಬಲಗಡೆಗೆ, ಎದುರಿನ ಗಾಡಿಗಳನ್ನು ನೋಡುತ್ತಾ ನಡೆಯಲಿ. ಕರೀ ಕಂಬಳಿಯು ಚಳಿಯನ್ನು ತಡೆಯುವದು ನಿಜ. ಆದರೆ ಕತ್ತಲೆಯಲ್ಲಿ ಅದು ಹೊದ್ದವನನ್ನೇ ಮರೆಮಾಡುವದು. ಅದರ ಮೇಲೆ ಒಂದು ಬಿಳೀ ವಸ್ತ್ರವನ್ನು ಹಾಕಿಕೊಂಡು ಹೊರಡಿರಿ.